ಡಬ್ಬಿ, ಬಾಟಲಿ, ಪೈಪುಗಳಿಂದ ಮಾದರಿ ರೈಲಿಗೆ ಸೈಲೋ ಮತ್ತು ಟ್ಯಾಂಕು: ಯಾವುದು ಒಪ್ಪುತ್ತದೆ?

ಉಪ್ಪಳ ಗೇಟು
ಎಲ್ಲರಿಗೂ ನಮಸ್ಕಾರ. ಮಹಡಿಯ ಕೋಣೆಯಲ್ಲಿ ಎಚ್‌ಒ ಅಳತೆಯ, ಎಂದರೆ 1:87ರ ಮಾದರಿ ರೈಲನ್ನು ಹಾಕುತ್ತಿದ್ದೇನೆ. ಹಳಿ, ಪ್ಲಾಟ್‌ಫಾರಂ, ಗೂಡ್ಸ್ ಶೆಡ್ಡು ಒಂದು ಹದಕ್ಕೆ ಬಂದಿವೆ. ಇನ್ನು ಸೈಡಿಂಗಿನ, ಎಂದರೆ ಸರಕು ಇಳಿಸುವ ಬದಿಹಳಿಯ ಪಕ್ಕದಲ್ಲಿ ಸಿಮೆಂಟಿನದೋ ಧಾನ್ಯದ್ದೋ ಸೈಲೋಗಳ, ಎಂದರೆ ಎತ್ತರದ ಉರುಟು ಕಣಜಗಳ ಒಂದು ಸಾಲು, ಅದರಾಚೆ ಒಂದೆರಡು ಎಣ್ಣೆ ಟ್ಯಾಂಕು ಬೇಕು. ವಿದೇಶದ ಕಿಟ್ಟು ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ನನ್ನ ಕೈಗೆ ಎಟಕುವುದಿಲ್ಲ. ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿ, ತೆಂಗಿನೆಣ್ಣೆಯ ಪ್ಲಾಸ್ಟಿಕ್ ಬಾಟಲಿ, ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನು, ಶಟಲ್‌ಕಾಕ್ ಬರುವ ಉದ್ದದ ಕೊಳವೆ, ಪೌಡರ್ ಡಬ್ಬಿ, 20 ಲೀಟರಿನ ಪೇಂಟ್ ಬಕೆಟ್ಟು ಇವೆಲ್ಲ ಬಿದ್ದಿವೆ. ಇವುಗಳಲ್ಲಿ ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಗುಜರಿಗೇ ಕೊಡಬೇಕು ಎಂದು ತಿಳಿದವರು ಹೇಳಬೇಕು. ಇನ್ನೊಂದು ಚಿಂತೆಯೂ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಗಾಳಿಯೇ ಒದ್ದೆ, ಸಮುದ್ರವೂ ಹತ್ತಿರ. ರಟ್ಟು ಉಬ್ಬುತ್ತದೆ, ತಗಡು ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ಕಿಗೆ ಬಣ್ಣ ಅಂಟುವುದಿಲ್ಲ.

ಹೊಟಗಿ ಜಂಕ್ಷನ್
ಡಬ್ಬಿ ಯಾವುದೆಂಬ ಪ್ರಶ್ನೆಗೆ ಮೊದಲು ಅಳತೆಪಟ್ಟಿ ಉತ್ತರ ಕೊಡಬೇಕು. ಡಬ್ಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು 87ರಿಂದ ಗುಣಿಸಿ. ತಂಪು ಪಾನೀಯದ ಸಾಮಾನ್ಯ ಕ್ಯಾನು 66 ಮಿ.ಮೀ., ಅದು ನಿಮ್ಮ ಲೋಕದಲ್ಲಿ 5.7 ಮೀಟರ್ ಅಗಲದ ಸೈಲೋ ಆಗುತ್ತದೆ. ಶಟಲ್ ಕೊಳವೆಯೂ ಹೆಚ್ಚುಕಡಿಮೆ ಅಷ್ಟೇ ಅಗಲ, ಆದರೆ ಅದನ್ನು ಪೂರ್ತಿ ನಿಲ್ಲಿಸಿದರೆ ಮೂವತ್ತು ಮೀಟರಿಗೂ ಮಿಕ್ಕಿದ ಎತ್ತರ ಬಂದು ಸುತ್ತಲಿನ ಸ್ಟೇಷನ್ನು ಕುಗ್ಗಿ ಕಾಣುತ್ತದೆ. 23 ಸೆಂ.ಮೀ.ಗೆ ಕತ್ತರಿಸಿದರೆ 20 ಮೀಟರ್ ಆಗುತ್ತದೆ, ಸಣ್ಣ ಸಿಮೆಂಟ್ ಸೈಲೋಗೆ ಅದು ತಕ್ಕ ಎತ್ತರ. ಪೌಡರ್ ಡಬ್ಬಿ ಅಡ್ಡಕೊಯ್ತದಲ್ಲಿ ಅಂಡಾಕಾರದ್ದಾಗಿದ್ದರೆ ಈಗಲೇ ಬದಿಗಿಡಿ. ಒಳಗಿನ ಒತ್ತಡವನ್ನು ಸುತ್ತಲೂ ಸಮನಾಗಿ ತಾಳಬೇಕಾದ ಕಟ್ಟಡ ವೃತ್ತವಾಗಿಯೇ ಇರುತ್ತದೆ, ಅಂಡಾಕಾರದ ಸೈಲೋವನ್ನು ಯಾರೂ ಕಟ್ಟುವುದಿಲ್ಲ.

ಬದಿಯಡ್ಕ ತೋಟ
ಇಷ್ಟೆಲ್ಲ ಡಬ್ಬಿ ಏಕೆ? ಅಡಿಕೆ ತೋಟವಿರುವ ಪ್ರತಿ ಮನೆಯ ಹಿಂದೆಯೂ ಪಿವಿಸಿ ಪೈಪಿನ ತುಂಡುಗಳು ಬಿದ್ದಿರುತ್ತವೆ. ಹೊರವ್ಯಾಸ 63, 75, 90, 110 ಮಿ.ಮೀ. ಎಂದು ನಿಗದಿಯಾಗಿಯೇ ಬರುತ್ತವೆ. 87ರಿಂದ ಗುಣಿಸಿದರೆ ಕ್ರಮವಾಗಿ 5.5, 6.5, 7.8, 9.6 ಮೀಟರ್. ಕೊನೆಯ ಎರಡು ಸಿಮೆಂಟ್ ಸೈಲೋಗೂ ಸಣ್ಣ ಎಣ್ಣೆ ಟ್ಯಾಂಕಿಗೂ ಹೇಳಿ ಮಾಡಿಸಿದ ಹಾಗಿವೆ. ಪೈಪು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ, ಮಳೆಗಾಲಕ್ಕೆ ಹೆದರುವುದಿಲ್ಲ, ಒಂದೇ ಪೈಪಿನಿಂದ ನಾಲ್ಕು ತುಂಡು ಕೊಯ್ದರೆ ನಾಲ್ಕೂ ಒಂದೇ ಅಚ್ಚು. ಸೈಲೋಗಳು ಸಾಲಾಗಿ ನಿಂತಾಗ ಕಣ್ಣಿಗೆ ಬೇಕಾದದ್ದು ಅದೇ.

ನೇರವಾಗಿ ಕೊಯ್ಯಲು ಒಂದು ಉಪಾಯ: ಅಗಲವಾದ ಕಾಗದದ ಪಟ್ಟಿಯನ್ನು ಪೈಪಿಗೆ ಸುತ್ತಿ ಅದರ ಎರಡು ತುದಿಗಳ ಅಂಚು ಒಂದರ ಮೇಲೊಂದು ಸರಿಯಾಗಿ ಕೂಡುವಂತೆ ಮಾಡಿ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಆ ಗೆರೆಯ ಗುಂಟ ಪೈಪನ್ನು ತಿರುಗಿಸುತ್ತ ಹ್ಯಾಕ್ಸಾದಿಂದ ಸ್ವಲ್ಪ ಸ್ವಲ್ಪವೇ ಕೊಯ್ಯಬೇಕು. ಒಂದೇ ಕಡೆಯಿಂದ ಆರಪಾರ ಕೊಯ್ದರೆ ಓರೆಯಾಗುತ್ತದೆ.

ಪೆರ್ಲ
ತೋಟದಿಂದ ತರುವಾಗ ಒಂದು ಎಚ್ಚರಿಕೆ. ಕೀಟನಾಶಕದ ಬಾಟಲಿ ಎಷ್ಟೇ ಚೆಂದದ ಆಕಾರದಲ್ಲಿದ್ದರೂ ಕೆಲಸದ ಮೇಜಿಗೆ ತರಬೇಡಿ. ಮರಳು ಕಾಗದದಿಂದ ಉಜ್ಜಿದಾಗ ಬರುವ ಧೂಳು ಮೂಗಿಗೆ ಹೋಗುತ್ತದೆ.

ಮಂಜೇಶ್ವರ ಹಳೆ ಸ್ಟೇಷನ್
ನನ್ನದು ಬೇರೆಯೇ ಆಕ್ಷೇಪ. ಉಪ್ಪಳ ಗೇಟಿನವರೇ, ನೀವು ಮಾಡುತ್ತಿರುವುದು ನಮ್ಮ ಊರಿನ ಸ್ಟೇಷನ್ನು ತಾನೇ? ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಈ ಸಾಲಿನ ಚಿಕ್ಕ ಸ್ಟೇಷನ್ನುಗಳಲ್ಲಿ ಧಾನ್ಯದ ಸೈಲೋ ಎಲ್ಲಿಂದ ಬಂತು? ವಿದೇಶದ ಚಿತ್ರಗಳನ್ನು ನೋಡಿ ಸೈಲೋ ಇಟ್ಟರೆ ಅದು ನಮ್ಮ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಈ ಮಾರ್ಗ ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಉಗಿಬಂಡಿಯ ಕಾಲದಲ್ಲಿ ದಾರಿಯಲ್ಲಿ ನೀರು ತುಂಬಿಸದೆ ಇಂಜಿನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೋ ಉಕ್ಕಿನ ಕಂಬಗಳ ಮೇಲೋ ಕೂತ, ಚೌಕ ಫಲಕಗಳನ್ನು ಬೋಲ್ಟು ಹಾಕಿ ಜೋಡಿಸಿದ ನೀರಿನ ಟ್ಯಾಂಕೇ ಭಾರತದ ರೈಲು ನಿಲ್ದಾಣದ ನಿಜವಾದ ಗುರುತು. ಅದನ್ನು ಮಾಡಿ.

ಆ ಫಲಕಗಳು 4 ಅಡಿ ಚೌಕದವು. ಎಚ್‌ಒ ಅಳತೆಯಲ್ಲಿ ಒಂದು ಅಡಿಗೆ 3.5 ಮಿ.ಮೀ., ಆದ್ದರಿಂದ ಒಂದು ಫಲಕ 14 ಮಿ.ಮೀ. ಚೌಕ. 16 ಅಡಿ ಉದ್ದ, 12 ಅಡಿ ಅಗಲ, 8 ಅಡಿ ಎತ್ತರದ ಟ್ಯಾಂಕು ನಿಮ್ಮ ಮೇಜಿನ ಮೇಲೆ 56, 42, 28 ಮಿ.ಮೀ. ಆಗುತ್ತದೆ. ನಿಜವಾದದ್ದರಲ್ಲಿ 43 ಸಾವಿರ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಇಷ್ಟು ದೊಡ್ಡದಕ್ಕೆ ಔಷಧಿ ಅಂಗಡಿಯ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಸಾಕು.

ಹೊಟಗಿ ಜಂಕ್ಷನ್
ಹಳೆ ಸ್ಟೇಷನ್ನಿನವರ ಮಾತನ್ನು ಗೌರವದಿಂದಲೇ ಅರ್ಧ ಒಪ್ಪುತ್ತೇನೆ. ನೀರಿನ ಟ್ಯಾಂಕು ಇರಲೇಬೇಕು. ಆದರೆ ಸೈಲೋ ನಮ್ಮದಲ್ಲ ಎನ್ನುವುದು ಸರಿಯಲ್ಲ. ನಮ್ಮ ಸೊಲ್ಲಾಪುರದ ಕಡೆ ಎನ್‌ಟಿಪಿಸಿಯ ವಿದ್ಯುತ್ ಸ್ಥಾವರವಿದೆ, ವಾಡಿಯ ಕಡೆಗೆ ಹೋದರೆ ಸಿಮೆಂಟ್ ಕಾರ್ಖಾನೆಗಳಿವೆ. ಕಲ್ಲಿದ್ದಲು ಸುಡುವಲ್ಲಿ ಹಾರುಬೂದಿಯ ಸೈಲೋ ಇರುತ್ತದೆ, ಸಿಮೆಂಟ್ ಅರೆಯುವಲ್ಲಿ ಸಿಮೆಂಟಿನ ಸೈಲೋ ಇರುತ್ತದೆ. ಧಾನ್ಯದ್ದೂ ಪರಕೀಯವಲ್ಲ. ಪಂಜಾಬಿನ ಮೋಗಾದಿಂದ ಚೆನ್ನೈ, ಕೊಯಮತ್ತೂರು, ಬೆಂಗಳೂರುಗಳ ಸೈಲೋಗಳಿಗೆ ಗೋಧಿ ಚೀಲವಿಲ್ಲದೆ, ತಳದಿಂದ ಸುರಿಯುವ ಹಾಪರ್ ವ್ಯಾಗನಿನಲ್ಲಿ ಬರುವ ವ್ಯವಸ್ಥೆ ನಮ್ಮ ದೇಶದ್ದೇ. ಮಾದರಿಯಲ್ಲಿ ಕಲ್ಪನೆಯ ಕಾರ್ಖಾನೆಯೊಂದಕ್ಕೆ ಜಾಗವಿದೆ, ಅದು ಇಲ್ಲಿನ ವ್ಯಾಗನುಗಳಿಗೆ ಹೊಂದಬೇಕು, ಅಷ್ಟೆ.

ಹಾರುಬೂದಿ ಮತ್ತು ಸಡಿಲ ಸಿಮೆಂಟನ್ನು ಅವಕ್ಕೆಂದೇ ಇರುವ ಬಿಸಿಎಫ್‌ಸಿ ಎಂಬ ಮುಚ್ಚಿದ ವ್ಯಾಗನಿನಿಂದ ಗಾಳಿಯ ಒತ್ತಡದಲ್ಲಿ ಪೈಪಿನ ಮೂಲಕ ಸೈಲೋದ ತಲೆಗೆ ಏರಿಸುತ್ತಾರೆ. ಹಾಗಾಗಿ ಸೈಲೋ ಹಳಿಯ ಮೇಲೆ ಕಾಲು ಚಾಚಿ ನಿಲ್ಲಬೇಕಾಗಿಲ್ಲ. ಪಕ್ಕದಲ್ಲಿ ನಿಂತು ಒಂದು ಪೈಪು ಹಳಿಯವರೆಗೆ ಬಂದರಾಯಿತು, ಕಂಪ್ರೆಸರಿಗೆ ಒಂದು ಚಿಕ್ಕ ಶೆಡ್ಡು ಹಾಕಿದರಾಯಿತು. ಇಂಜಿನ್ನು ಕಂಬಕ್ಕೆ ತಾಗುವ ತಲೆನೋವೂ ತಪ್ಪುತ್ತದೆ.

ಮಂಜೇಶ್ವರ ಹಳೆ ಸ್ಟೇಷನ್
ಹಾರುಬೂದಿಯ ಸೈಲೋವನ್ನು ಒಪ್ಪಿದೆ. ಧಾನ್ಯದ್ದನ್ನು ಕಾಸರಗೋಡಿನ ಹಿನ್ನೆಲೆಯಲ್ಲಿ ಇಂದಿಗೂ ಒಪ್ಪುವುದಿಲ್ಲ.

ಆದವಾನಿ
ಧಾನ್ಯದ ಸೈಲೋ ಬೇಕೆನ್ನುವವರಿಗೆ ಅದರ ಗಾತ್ರವೂ ಗೊತ್ತಿರಲಿ. 12,500 ಟನ್ ಗೋಧಿಗೆ ಸುಮಾರು 16,000 ಘನ ಮೀಟರ್ ಜಾಗ ಬೇಕು. ವ್ಯಾಸ 27 ಮೀಟರ್ ಎಂದು ಇಟ್ಟುಕೊಂಡರೆ ಎತ್ತರ 28 ಮೀಟರ್ ಬರುತ್ತದೆ, ಎಚ್‌ಒದಲ್ಲಿ ಅದು 31 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರ. ಅಂದರೆ ನಿಮ್ಮ 20 ಲೀಟರಿನ ಪೇಂಟ್ ಬಕೆಟ್ಟೇ ಆಯಿತು! ಆದರೂ ಬಕೆಟ್ಟನ್ನು ಬಳಸಬೇಡಿ. ಅಚ್ಚಿನಿಂದ ಸುಲಭವಾಗಿ ಬಿಡಿಸಿಕೊಳ್ಳಲೆಂದು ಅದನ್ನು ಕೆಳಗೆ ಕಿರಿದಾಗಿ, ಮೇಲೆ ಅಗಲವಾಗಿ ಮಾಡಿರುತ್ತಾರೆ. ಆ ಓರೆಯನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ. ಮೊಸರಿನ ಡಬ್ಬಿ, ಐಸ್‌ಕ್ರೀಂ ಡಬ್ಬಿ, ಪ್ಲಾಸ್ಟಿಕ್ ಲೋಟ ಎಲ್ಲದರ ಕಥೆಯೂ ಇದೇ. ನೋಡುವವನಿಗೆ ಕಾರಣ ಗೊತ್ತಾಗದಿದ್ದರೂ ಇದು ಟ್ಯಾಂಕಲ್ಲ, ಡಬ್ಬಿ ಎಂದು ಕಣ್ಣು ಹೇಳಿಬಿಡುತ್ತದೆ.

ಆದ್ದರಿಂದ ಕೊಳ್ಳುವಾಗಲೋ ಗುಜರಿಯಿಂದ ಆರಿಸುವಾಗಲೋ ಡಬ್ಬಿಯ ಬದಿಗೆ ಉಕ್ಕಿನ ಸ್ಕೇಲು ತಾಗಿಸಿ ನೋಡಿ, ಆಮೇಲೆ ಮೂಲೆಮಟ್ಟವನ್ನು ಡಬ್ಬಿಯ ತಳಕ್ಕೂ ಬದಿಗೂ ತಾಗಿಸಿ ನೋಡಿ. ನೇರವಾಗಿದ್ದರೆ ಇಟ್ಟುಕೊಳ್ಳಿ.

ನೀಲೇಶ್ವರ ಲೂಪ್ ಲೈನ್
ಧಾನ್ಯದ ಸೈಲೋಗೆ ಅಲೆ ಅಲೆಯ ತಗಡಿನ ಮೈ ಇರುತ್ತದಲ್ಲವೇ? ಪಾರ್ಸೆಲ್ ಪೆಟ್ಟಿಗೆಯ ರಟ್ಟಿನ ಮೇಲ್ಪದರ ಕಿತ್ತು ಒಳಗಿನ ಅಲೆಯನ್ನು ಸುತ್ತಿದರೆ ಸುಲಭದಲ್ಲಿ ಮುಗಿಯುತ್ತದೆ.

ಆದವಾನಿ
ಮುಗಿಯುತ್ತದೆ, ಆದರೆ ಅಳತೆ ಕೆಡುತ್ತದೆ. ನಿಜವಾದ ಸೈಲೋದ ಅಲೆಗಳು ಸಾಮಾನ್ಯವಾಗಿ 76ರಿಂದ 100 ಮಿ.ಮೀ.ಗೆ ಒಂದರಂತೆ ಇರುತ್ತವೆ. ಎಚ್‌ಒದಲ್ಲಿ ಅದು ಒಂದು ಮಿಲಿಮೀಟರಿನ ಆಸುಪಾಸು. ಪಾರ್ಸೆಲ್ ರಟ್ಟಿನ ಅಲೆ 6 ಮಿ.ಮೀ. ಮೀರಿ ಬರುತ್ತದೆ, 87ರಿಂದ ಗುಣಿಸಿದರೆ ಒಂದೊಂದು ಅಲೆಯೂ ಅರ್ಧ ಮೀಟರು! ಸೈಲೋಗೆ ಅಷ್ಟು ದಪ್ಪ ಅಲೆಯ ತಗಡು ಹಾಕುವುದಿಲ್ಲ. ಜೊತೆಗೆ ಇಂಥ ಸೈಲೋಗಳಲ್ಲಿ ಅಲೆಗಳು ಬಳೆಯಂತೆ ಅಡ್ಡಡ್ಡ ಸುತ್ತಿಕೊಂಡಿರುತ್ತವೆ, ನಿಂತ ಗೆರೆಗಳಾಗಿ ಇರುವುದಿಲ್ಲ.

ನಾನು ಮಾಡುವುದು ಹೀಗೆ. ಮೀನಿನ ಗಾಳಕ್ಕೆ ಕಟ್ಟುವ 0.9 ಮಿ.ಮೀ. ದಪ್ಪದ ನೈಲಾನ್ ದಾರವನ್ನು ಪೈಪಿಗೆ ಸುತ್ತುಸುತ್ತಾಗಿ, ಒಂದಕ್ಕೊಂದು ತಾಗುವಂತೆ ಸುತ್ತುತ್ತೇನೆ. 0.9ನ್ನು 87ರಿಂದ ಗುಣಿಸಿದರೆ 78, ನಿಜವಾದ ಅಲೆಗೆ ಕೂದಲೆಳೆಯಷ್ಟೇ ವ್ಯತ್ಯಾಸ. 90 ಮಿ.ಮೀ. ಪೈಪಿನ 15 ಸೆಂ.ಮೀ. ಎತ್ತರಕ್ಕೆ ಸುಮಾರು 47 ಮೀಟರ್ ದಾರ ಹಿಡಿಯುತ್ತದೆ, ಆದ್ದರಿಂದ ಪೂರ್ತಿ ಉಂಡೆಯನ್ನೇ ಕೊಳ್ಳಿ, ನಡುವೆ ಗಂಟು ಬರಬಾರದು. ಮೊದಲು ಪೈಪಿನ ಮೇಲೆ ತೆಳ್ಳಗೆ ಅರಾಲ್ಡೈಟ್ ಅಂಟು ಸವರಿ, ಬೆರಳಗಲದಷ್ಟು ಸುತ್ತಿ, ಮತ್ತೆ ಸವರಿ, ಹೀಗೆ ಮುಂದುವರಿಯಬೇಕು. ಒಬ್ಬರು ಪೈಪು ತಿರುಗಿಸುತ್ತ, ಇನ್ನೊಬ್ಬರು ದಾರ ಬಿಗಿ ಹಿಡಿದರೆ ಸುತ್ತು ಸಡಿಲವಾಗುವುದಿಲ್ಲ. ಆರಿದ ಮೇಲೆ ಪ್ರೈಮರಿನ ಎರಡು ಕೈ ಹೊಡೆದರೆ ದಾರದ ಹೊಳಪು ಹೋಗಿ ತಗಡಿನ ಅಲೆ ಮಾತ್ರ ಉಳಿಯುತ್ತದೆ. ಓರೆ ಬೆಳಕಿನಲ್ಲಿ ಒಂದೊಂದು ಅಲೆಯ ಕೆಳಗೂ ಸಣ್ಣ ನೆರಳು ಬೀಳುತ್ತದೆ. ಅದನ್ನು ನೋಡಿದ ಮೇಲೆ ರಟ್ಟಿನ ಅಲೆಯತ್ತ ಮನಸ್ಸು ಹೋಗುವುದಿಲ್ಲ.

ನೀಲೇಶ್ವರ ಲೂಪ್ ಲೈನ್
ದಾರ ನಮ್ಮ ಬಂದರಿನ ಅಂಗಡಿಯಲ್ಲೇ ಸಿಗುತ್ತದೆ. ಒಪ್ಪಿದೆ.

ಹೊಸೂರು ಕಾರ್ಯಾಗಾರ
ಬಣ್ಣ ಹಿಡಿಯದ ಪ್ಲಾಸ್ಟಿಕ್ಕಿನ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, ಅದನ್ನು ಓದಿ. 2 ಮತ್ತು 4 ಪಾಲಿಎಥಿಲೀನ್, 5 ಪಾಲಿಪ್ರೊಪಿಲೀನ್. ತೆಂಗಿನೆಣ್ಣೆಯ ಬಾಟಲಿಗಳು, ಹೆಚ್ಚಿನ ಮುಚ್ಚಳಗಳು, ಹೋಟೆಲಿನ ಪಾರ್ಸೆಲ್ ಡಬ್ಬಿಗಳು ಈ ಗುಂಪಿನವು. ಇವುಗಳ ಮೈ ಮೇಣದಂತೆ, ಅಂಟೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಒಣಗಿದ ಮೇಲೆ ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ. 1 ಎಂದರೆ ಪೆಟ್, ನೀರಿನ ಬಾಟಲಿಯದು. ಚೆನ್ನಾಗಿ ಉಜ್ಜಿದರೆ ಬಣ್ಣ ತಾಳುತ್ತದೆ. 3 ಪಿವಿಸಿ, 6 ಪಾಲಿಸ್ಟೈರೀನ್. ಇವೆರಡೂ ನಮಗೆ ಅನುಕೂಲ. ಆದರೆ 6ರ ಮೇಲೆ ಥಿನ್ನರ್ ಬೆರೆಸಿದ ಬಣ್ಣ ದಪ್ಪಗೆ ಬಿದ್ದರೆ ಅದೇ ಕರಗುತ್ತದೆ.

2, 4, 5ನ್ನು ಬಳಸಲೇಬೇಕೆಂದಿದ್ದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ಜಿಡ್ಡು ತೆಗೆದು, 400ರ ಮರಳು ಕಾಗದದಿಂದ ಉಜ್ಜಿ, ಕಾರಿನ ಬಂಪರಿಗೆ ಹೊಡೆಯುವ ಪ್ಲಾಸ್ಟಿಕ್ ಪ್ರೈಮರನ್ನು ಹೊಡೆಯಿರಿ. ಬಂಪರುಗಳೂ ಬಹುಮಟ್ಟಿಗೆ ಪಾಲಿಪ್ರೊಪಿಲೀನೇ ಆದ್ದರಿಂದ ಕಾರಿನ ಪೇಂಟ್ ಅಂಗಡಿಯಲ್ಲಿ ಅದು ಸಿಗುತ್ತದೆ. ಸ್ಪ್ರೇ ಡಬ್ಬಿಗಳನ್ನು, ಡಿಯೋಡರೆಂಟ್ ಡಬ್ಬಿಗಳನ್ನು ಟ್ಯಾಂಕು ಮಾಡಲು ಹೊರಟವರು ಅವನ್ನು ಕೊಯ್ಯಬಾರದು, ಚುಚ್ಚಬಾರದು. ಒಳಗೆ ಉರಿಯುವ ಅನಿಲ ಉಳಿದಿರಬಹುದು.

ಕುಂಬಳೆ ಟೀಚರ್
ಹೊಸೂರಿನವರ ಉಪಾಯಕ್ಕಿಂತ ಸುಲಭದ ದಾರಿಯೊಂದಿದೆ. ಡಬ್ಬಿಗೆ ಬಣ್ಣ ಹಚ್ಚುವುದೇ ಬೇಡ. ಡಬ್ಬಿಯನ್ನು ಒಳಗಿನ ಅಸ್ಥಿಪಂಜರ ಎಂದುಕೊಂಡು ಮೇಲೆ ಡ್ರಾಯಿಂಗ್ ಶೀಟಿನ ಚರ್ಮ ತೊಡಿಸಿ. ಆಗ ತಳದ ಅಂಕಿ ಯಾವುದಾದರೂ ನಡೆಯುತ್ತದೆ, ಬಾಟಲಿಯ ಮೇಲಿನ ಉಬ್ಬು ಅಕ್ಷರಗಳೂ ಅಚ್ಚಿನ ಗೆರೆಯೂ ಮುಚ್ಚಿಹೋಗುತ್ತವೆ.

ಎಣ್ಣೆ ಟ್ಯಾಂಕಿಗೆ ಇದು ಬಹಳ ಒಪ್ಪುತ್ತದೆ, ಏಕೆಂದರೆ ನಿಜವಾದ ಟ್ಯಾಂಕೂ ಉಕ್ಕಿನ ಹಾಳೆಗಳ ಪಟ್ಟಿಗಳನ್ನು ಒಂದರ ಮೇಲೊಂದು ಬೆಸೆದು ಏರಿಸಿದ್ದು. ಪಟ್ಟಿಯ ಎತ್ತರ 2 ಮೀಟರ್ ಎಂದುಕೊಂಡರೆ ನಮಗೆ 23 ಮಿ.ಮೀ. ಅಷ್ಟಗಲದ ಕಾಗದದ ಪಟ್ಟಿಗಳಲ್ಲಿ ಬ್ಲೇಡಿನ ಬೆನ್ನಿನಿಂದ ನಿಂತ ಗೆರೆಗಳನ್ನು ಮೆಲ್ಲಗೆ ಒತ್ತಿ, ಕೆಳಗಿನ ಪಟ್ಟಿಯ ಗೆರೆಯೂ ಮೇಲಿನ ಪಟ್ಟಿಯ ಗೆರೆಯೂ ಒಂದೇ ನೇರಕ್ಕೆ ಬರದ ಹಾಗೆ ಸುತ್ತಿ. ನಿಜವಾದ ಟ್ಯಾಂಕುಗಳಲ್ಲೂ ನಿಂತ ಬೆಸುಗೆಗಳನ್ನು ಹೀಗೆಯೇ ತಪ್ಪಿಸಿ ಇಡುತ್ತಾರೆ. ಹಳೆಯ ಕಾಲದ ರಿವೆಟ್ ಟ್ಯಾಂಕು ಬೇಕಾದರೆ ದರ್ಜಿಗಳು ಗುರುತು ಹಾಕುವ ಹಲ್ಲಿನ ಚಕ್ರವನ್ನು ಕಾಗದದ ಹಿಂಬದಿಯಲ್ಲಿ ಉರುಳಿಸಿದರೆ ಮುಂಬದಿಯಲ್ಲಿ ರಿವೆಟ್ಟಿನ ಸಾಲು ಏಳುತ್ತದೆ.

ಮಳೆಗಾಲದ ಮಾತು: ಕಾಗದಕ್ಕೆ ನೀರಿನ ಅಂಟು ಹಚ್ಚಬಾರದು, ಎರಡು ಬದಿಯ ಟೇಪಿನಲ್ಲಿ ಅಂಟಿಸಬೇಕು. ಅಂಟಿಸುವ ಮೊದಲೇ ಕಾಗದದ ಎರಡೂ ಬದಿಗೆ ಮರಕ್ಕೆ ಹಚ್ಚುವ ವಾರ್ನಿಷನ್ನು ತೆಳ್ಳಗೆ ಕುಡಿಸಬೇಕು. ಒಂದೇ ಬದಿಗೆ ಹಚ್ಚಿದರೆ ಇನ್ನೊಂದು ಬದಿಯಿಂದ ತೇವ ಹೀರಿ ಅಂಚು ಮುರುಟುತ್ತದೆ.

ಹೊಸೂರು ಕಾರ್ಯಾಗಾರ
ಟೀಚರ್, ಕಾಗದದ ಚರ್ಮ ನನಗೂ ಮೆಚ್ಚುಗೆಯೇ. ಆದರೆ ಎರಡು ಬದಿಯ ಟೇಪು ಸೆಖೆಗಾಲದಲ್ಲಿ ಜಾರುತ್ತದೆ. ಪಟ್ಟಿಯ ಎರಡು ತುದಿಗಳು ಕೂಡುವಲ್ಲಿ ಟೇಪಿನ ಬದಲು ಒಂದು ಗೆರೆ ರಬ್ಬರ್ ಅಂಟು ಹಾಕುವುದು ಒಳ್ಳೆಯದು.

ಕುಂಬಳೆ ಟೀಚರ್
ಕೂಡುವ ಅಂಚಿಗೆ ಮಾತ್ರ ಎಂದರೆ ಸರಿ. ಆ ಅಂಚನ್ನು ಗೋಡೆಯ ಕಡೆಗೆ ತಿರುಗಿಸಿ ಇಡಿ.

ಉಪ್ಪಳ ಗೇಟು
ಇಷ್ಟು ಮಾಹಿತಿ ಸಿಗುತ್ತದೆಂದು ಎಣಿಸಿರಲಿಲ್ಲ. ಹಾರುಬೂದಿಯ ಎರಡು ಸೈಲೋ, ಒಂದು ಎಣ್ಣೆ ಟ್ಯಾಂಕು, ಹಳೆ ಸ್ಟೇಷನ್ನಿನವರು ಹೇಳಿದ ನೀರಿನ ಟ್ಯಾಂಕು ಎಂದು ನಿಶ್ಚಯಿಸಿದ್ದೇನೆ. 90 ಮತ್ತು 110 ಮಿ.ಮೀ. ಪೈಪು ಸಿಕ್ಕಿದೆ. ಸೈಲೋದ ಕೆಳಗಿನ ಶಂಕುವನ್ನು ಯಾವುದರಿಂದ ಮಾಡಬೇಕು? ಅಡುಗೆಮನೆಯ ಲಾಳಿಕೆ ಸಾಕೇ?

ಹೊಟಗಿ ಜಂಕ್ಷನ್
ಲಾಳಿಕೆಯ ಓರೆ ಸರಿ ಇದ್ದರೆ ಸಾಕು, ಆದರೆ ಪೈಪಿನ ವ್ಯಾಸಕ್ಕೆ ಸರಿಹೊಂದುವ ಲಾಳಿಕೆ ಹುಡುಕುವುದಕ್ಕಿಂತ ರಟ್ಟಿನಲ್ಲಿ ಮಾಡುವುದೇ ಬೇಗ. ಬೂದಿ, ಸಿಮೆಂಟು ತಳದಲ್ಲಿ ಸಿಕ್ಕಿಕೊಳ್ಳದೆ ಇಳಿಯಲು ಉಕ್ಕಿನ ಶಂಕುವನ್ನು ಸಾಮಾನ್ಯವಾಗಿ 60 ಡಿಗ್ರಿಯಷ್ಟು ಕಡಿದಾಗಿ ಇಡುತ್ತಾರೆ. ಇದರ ಲೆಕ್ಕ ಬಹಳ ಸೊಗಸು: ಪೈಪಿನ ವ್ಯಾಸ ಎಷ್ಟೋ ಅಷ್ಟೇ ತ್ರಿಜ್ಯದ ಅರ್ಧವೃತ್ತವನ್ನು ಕತ್ತರಿಸಿ ಸುರುಳಿ ಮಾಡಿದರೆ ಅದು ತಾನಾಗಿಯೇ 60 ಡಿಗ್ರಿಯ ಶಂಕು. ನಿಮ್ಮ 90 ಮಿ.ಮೀ. ಪೈಪಿಗೆ 90 ಮಿ.ಮೀ. ತ್ರಿಜ್ಯದ ಅರ್ಧವೃತ್ತ. ಅಂಟು ಹಾಕಲು ಒಂದು ಅಂಚಿನಲ್ಲಿ 5 ಮಿ.ಮೀ. ಹೆಚ್ಚು ಬಿಡಿ.

ಧಾನ್ಯದ ಸೈಲೋದ ಮಾಡಿಗೆ 30 ಡಿಗ್ರಿ ಓರೆ ಬೇಕಾದವರು 52 ಮಿ.ಮೀ. ತ್ರಿಜ್ಯದ ಪೂರ್ಣ ವೃತ್ತದಿಂದ 48 ಡಿಗ್ರಿಯ ಹೋಳನ್ನು ತೆಗೆದು ಕೂಡಿಸಲಿ, 90 ಮಿ.ಮೀ. ಪೈಪಿಗೆ ಅದು ಕೂರುತ್ತದೆ. ನಿಮ್ಮ ಹಾರುಬೂದಿ ಸೈಲೋಗೆ ಮಾಡು ಚಪ್ಪಟೆಯಾಗಿರಲಿ. ಅದರ ಮೇಲೆ ಧೂಳು ಸೋಸುವ ಫಿಲ್ಟರಿನ ಒಂದು ಪೆಟ್ಟಿಗೆ, ಸುತ್ತ ಕೈ ಹಿಡಿಯುವ ಕಂಬಿ, ಬದಿಯಲ್ಲಿ ನೆಲದಿಂದ ತಲೆಯವರೆಗೆ ಏರುವ ಪೈಪು ಇರಲೇಬೇಕು. ನಿಜವಾದ ಪೈಪು 100 ಮಿ.ಮೀ. ಎಂದರೆ ನಮಗೆ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ವಿದ್ಯುತ್ ತಂತಿ ಸಾಕು.

ನೀಲೇಶ್ವರ ಲೂಪ್ ಲೈನ್
ಬೂದಿ ಸೋರಿದ ಹಾಗೆ ಕಾಣಲು ಸೈಲೋದ ಬುಡದಲ್ಲಿ ನಿಜವಾದ ಸಿಮೆಂಟನ್ನೇ ಉದುರಿಸಿದರೆ ಬಣ್ಣ ತಕ್ಕದ್ದಾಗಿ ಬರುವುದಿಲ್ಲವೇ?

ಆದವಾನಿ
ದಯವಿಟ್ಟು ಬೇಡ. ಸಿಮೆಂಟು ನಿಮ್ಮ ಕಡೆಯ ತೇವಕ್ಕೆ ಗಟ್ಟಿಯಾಗುತ್ತದೆ, ಗಾಳಿಗೆ ಎದ್ದು ಇಂಜಿನ್ನಿನ ಗಿಯರಿಗೆ ಸೇರಿದರೆ ಅರೆದು ಹಾಕುತ್ತದೆ. ಚಿತ್ರಕಲೆಯ ಬೂದು ಬಣ್ಣದ ಒಣ ಪೇಸ್ಟಲ್ ಕಡ್ಡಿಯನ್ನು ಕೆರೆದು ಕುಂಚದಿಂದ ಹಚ್ಚಿ, ಮೇಲೆ ಹೊಳಪಿಲ್ಲದ ವಾರ್ನಿಷನ್ನು ದೂರದಿಂದ ಹೊಡೆಯಿರಿ.

ಪೆರ್ಲ
ನಮ್ಮ ಮುರಮಣ್ಣನ್ನು ಪುಡಿ ಮಾಡಿ ನೆಲಕ್ಕೆ ಹಾಕುವವರಿಗೂ ಇದೇ ಮಾತು. ಅದರಲ್ಲಿ ಕಬ್ಬಿಣದ ಅಂಶವಿದೆ. ಹಾಕುವ ಮೊದಲು ಕಾಗದದ ಮೇಲೆ ಹರಡಿ ಬಲವಾದ ಆಯಸ್ಕಾಂತವನ್ನು ಆಡಿಸಿ. ಅಂಟಿಕೊಂಡು ಬರುವ ಕಣಗಳನ್ನು ತೆಗೆಯದಿದ್ದರೆ ಅವು ಇಂಜಿನ್ನಿನ ಮೋಟರಿನ ಆಯಸ್ಕಾಂತಕ್ಕೆ ಹೋಗಿ ಅಂಟುತ್ತವೆ.

ಬದಿಯಡ್ಕ ತೋಟ
ಎಣ್ಣೆ ಟ್ಯಾಂಕು ಇಡುತ್ತೀರೆಂದರೆ ಸುತ್ತ ತಡೆಗೋಡೆಯನ್ನು ಮರೆಯಬೇಡಿ, ಮಾದರಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಅದೇ. ಟ್ಯಾಂಕು ಒಡೆದರೆ ಅದರ ಪೂರ್ತಿ ಎಣ್ಣೆ ಗೋಡೆಯೊಳಗೇ ನಿಲ್ಲಬೇಕು. 110 ಮಿ.ಮೀ. ಪೈಪನ್ನು 10 ಸೆಂ.ಮೀ. ಎತ್ತರಕ್ಕೆ ಕೊಯ್ದರೆ ಅದರ ಗಾತ್ರ ಸುಮಾರು 950 ಘನ ಸೆಂ.ಮೀ. ಗೋಡೆಯ ಒಳಗಳತೆ 25ಕ್ಕೆ 20 ಸೆಂ.ಮೀ. ಇಟ್ಟು, ಟ್ಯಾಂಕಿನ ಜಾಗ ಕಳೆದರೆ ಗೋಡೆ ಸುಮಾರು 2.4 ಸೆಂ.ಮೀ. ಎತ್ತರ ಬೇಕಾಗುತ್ತದೆ. ನಿಜದಲ್ಲಿ ಅದು 2 ಮೀಟರ್. ಟ್ಯಾಂಕಿಗೆ ಬಿಳಿ ಅಥವಾ ಅಲ್ಯೂಮಿನಿಯಂ ಬಣ್ಣ ಹೊಡೆಯಿರಿ, ಬಿಸಿಲಿನ ಕಾವು ಒಳಗೆ ಹೋಗದಿರಲೆಂದು ಹಾಗೆ ಮಾಡುತ್ತಾರೆ.

ಮಂಜೇಶ್ವರ ಹಳೆ ಸ್ಟೇಷನ್
ನೀರಿನ ಟ್ಯಾಂಕಿನ ಫಲಕಗಳ ಉಬ್ಬನ್ನು ಹೇಗೆ ತರುವುದೆಂದು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೋಟೆಲಿನವರು ಬಿರಿಯಾನಿ ಕಟ್ಟಿಕೊಡುವ ಅಲ್ಯೂಮಿನಿಯಂ ತಟ್ಟೆಯ ತಳ ಮೆತ್ತಗೆ, ಆದರೆ ಅಡುಗೆಯ ಹಾಳೆಗಿಂತ ದಪ್ಪ. 14 ಮಿ.ಮೀ. ಚೌಕದ ಮರದ ತುಂಡಿನ ಮೇಲೆ ಮೂಲೆಯಿಂದ ಮೂಲೆಗೆ ಎರಡು ತೆಳು ತಂತಿ ಅಂಟಿಸಿ ಒಂದು ಅಚ್ಚು ಮಾಡಿಕೊಳ್ಳಿ. ತಟ್ಟೆಯ ತುಂಡನ್ನು ಅದರ ಮೇಲಿಟ್ಟು ಪೆನ್ಸಿಲಿನ ಹಿಂದಿನ ರಬ್ಬರಿನಿಂದ ಒತ್ತಿ ಉಜ್ಜಿದರೆ ಗುಣಾಕಾರ ಚಿಹ್ನೆಯ ಉಬ್ಬು ಸ್ಪಷ್ಟವಾಗಿ ಮೂಡುತ್ತದೆ. ನಾನು ಹೇಳಿದ ಅಳತೆಗೆ ಉದ್ದದ ಒಂದೊಂದು ಬದಿಗೆ 8, ಅಗಲದ ಒಂದೊಂದು ಬದಿಗೆ 6, ಒಟ್ಟು 28 ಫಲಕ. ಔಷಧಿಯ ಪೆಟ್ಟಿಗೆಗೆ ಅಂಟಿಸಿ ಮೊದಲು ರೆಡ್ ಆಕ್ಸೈಡ್, ಆಮೇಲೆ ಬೂದು ಬಣ್ಣ.

ಉಪ್ಪಳ ಗೇಟು
ಇದನ್ನೇ ಮೊದಲು ಮಾಡುತ್ತೇನೆ, ಮೇಷ್ಟ್ರೇ. ಕೊನೆಗೆ ಏಣಿಯೊಂದು ಉಳಿಯಿತು. ಸೊಳ್ಳೆ ಪರದೆಯ ಜಾಲರಿಯನ್ನು ಕತ್ತರಿಸಿದರೆ ಆಗುತ್ತದೆಯೇ?

ಹೊಸೂರು ಕಾರ್ಯಾಗಾರ
ಅದರ ಕಣ್ಣು ತೀರ ಚಿಕ್ಕದು. ಏಣಿಯ ಮೆಟ್ಟಿಲು 30 ಸೆಂ.ಮೀ.ಗೆ ಒಂದು ಎಂದರೆ ಎಚ್‌ಒದಲ್ಲಿ 3.4 ಮಿ.ಮೀ. ಅಂತರ ಬರಬೇಕು. ಗ್ರಾಫ್ ಕಾಗದದ ಮೇಲೆ 5 ಮಿ.ಮೀ. ಅಂತರದಲ್ಲಿ ಎರಡು ತಂತಿಗಳನ್ನು ಟೇಪು ಹಾಕಿ ಕೂರಿಸಿ, ಅಡ್ಡಕ್ಕೆ ಹಳೆಯ ವಯರಿನ ಒಳಗಿನ ತಾಮ್ರದ ಎಳೆಗಳನ್ನು ಇಟ್ಟು ಬೆಸುಗೆ ಹಾಕಿ, ಹೊರಚಾಚಿದ ತುದಿಗಳನ್ನು ಉಗುರು ಕತ್ತರಿಯಿಂದ ತೆಗೆಯಿರಿ. ಸೈಲೋದ ಏಣಿಗೆ ಬೆನ್ನ ಹಿಂದೆ ಪಂಜರವೂ ಬೇಕು. ಅದೇ ಎಳೆಯನ್ನು ಪೆನ್ನಿನ ರೀಫಿಲ್ಲಿಗಿಂತ ದಪ್ಪನೆಯ, 8 ಮಿ.ಮೀ. ಕಡ್ಡಿಗೆ ಸುತ್ತಿ ಬಿಡಿಸಿದರೆ ಪಂಜರದ ಬಳೆಗಳು ಸಿಗುತ್ತವೆ. ನೆಲದಿಂದ 25 ಮಿ.ಮೀ. ಬಿಟ್ಟು ಪಂಜರ ಶುರುವಾಗಲಿ, ಹತ್ತುವವನು ಒಳಗೆ ಹೊಗಬೇಕಲ್ಲ.